ಮನೆಯಿಂದ ಕೆಲಸ ಮಾಡುವವರೇ, ನಿಮಗೆ ನಿಜವಾಗಿ ಉಪಯೋಗಕ್ಕೆ ಬಂದ ವಸ್ತು ಯಾವುದು?

ಮೂಲೆಮೇಜು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಮನೆಯಿಂದ ಕೆಲಸ ಶುರು ಮಾಡಿ ಎಂಟು ತಿಂಗಳಾಯಿತು. ಮಲಗುವ ಕೋಣೆಯ ಮೂಲೆಯಲ್ಲಿ ಒಂದು ಹಳೆ ಮರದ ಮೇಜು, ಅದರ ಮೇಲೆ ಲ್ಯಾಪ್‌ಟಾಪ್, ಒಂದು ಕುರ್ಚಿ. ಇಷ್ಟೇ ನನ್ನ ಆಫೀಸು. ಮೊದಮೊದಲು ಚೆನ್ನಾಗಿಯೇ ಇತ್ತು. ಈಗ ಎರಡು ತಿಂಗಳಿಂದ ಮಧ್ಯಾಹ್ನ ಮೂರು ಗಂಟೆ ಆಗುವಷ್ಟರಲ್ಲಿ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಬಲಭುಜ ನೋಯುತ್ತದೆ. ಸಂಜೆ ಹೊತ್ತಿಗೆ ಕಣ್ಣು ಉರಿ. ಇದರ ಜೊತೆಗೆ ವೈರ್‌ಲೆಸ್ ಮೌಸ್ ಆಗಾಗ ತಡವರಿಸುತ್ತದೆ. ಮೀಟಿಂಗಿನಲ್ಲಿ ನನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿಸುತ್ತದಂತೆ.

ಕೈಯಲ್ಲಿ ಸ್ವಲ್ಪ ಹಣ ಇದೆ, ಜಾಸ್ತಿ ಇಲ್ಲ. ಎತ್ತರ ಏರಿಸಿ ಇಳಿಸುವ ಮೇಜು ತಗೊಳ್ಳೋಣ ಅಂದುಕೊಂಡಿದ್ದೇನೆ. ತಗೊಂಡರೆ ಎಲ್ಲಾ ದುಡ್ಡೂ ಅದಕ್ಕೇ ಹೋಗುತ್ತದೆ. ಹಾಗಾಗಿ ಮೊದಲು ನಿಮ್ಮನ್ನು ಕೇಳೋಣ ಅನಿಸಿತು. ನಿಮ್ಮ ಮನೆಯಲ್ಲಿ ದಿನವೂ ಕೈಗೆ ಬರುವ ವಸ್ತು ಯಾವುದು? ಯಾವುದನ್ನು ತಂದು ಪಶ್ಚಾತ್ತಾಪಪಟ್ಟಿರಿ? ಜಾಹೀರಾತಿನ ಮಾತು ಬೇಡ, ಅನುಭವ ಹೇಳಿ.

ಎರಡು ಮಾನಿಟರ್

ಮೇಜು ಈಗಲೇ ತಗೋಬೇಡಿ. ಲ್ಯಾಪ್‌ಟಾಪನ್ನು ನೇರವಾಗಿ ಮೇಜಿನ ಮೇಲಿಟ್ಟು, ಅದರದ್ದೇ ಕೀಬೋರ್ಡಿನಲ್ಲಿ ಟೈಪ್ ಮಾಡುತ್ತೀರಾ? ಹಾಗಿದ್ದರೆ ಹೊಸ ಮೇಜು ಬಂದರೂ ಕುತ್ತಿಗೆ ನೋವು ಹೋಗುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಸ್ಕ್ರೀನೂ ಕೀಬೋರ್ಡೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹೊಂದುವ ಎತ್ತರದಲ್ಲಿ ಇಟ್ಟರೆ ಸ್ಕ್ರೀನ್ ತಗ್ಗಾಯಿತು, ಕತ್ತು ಬಗ್ಗಿತು. ಕಣ್ಣಿಗೆ ಹೊಂದುವ ಎತ್ತರಕ್ಕೆ ಏರಿಸಿದರೆ ಕೈ ಎತ್ತಿ ಹಿಡಿಯಬೇಕು, ಭುಜ ಸೋಲುತ್ತದೆ. ಎರಡನ್ನೂ ಬೇರೆ ಮಾಡುವುದೊಂದೇ ದಾರಿ. ಒಂದು ಪ್ರತ್ಯೇಕ ಕೀಬೋರ್ಡ್ ತನ್ನಿ, ಸಾದಾದ್ದೇ ಸಾಕು. ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕಗಳನ್ನು ಪೇರಿಸಿ. ಸ್ಕ್ರೀನಿನ ಮೇಲಂಚು ನಿಮ್ಮ ಕಣ್ಣಿನ ಮಟ್ಟಕ್ಕೆ ಇರಲಿ, ಇಲ್ಲವೇ ಒಂಚೂರು ಕೆಳಗಿರಲಿ. ಕೈ ಚಾಚಿದರೆ ಬೆರಳ ತುದಿ ಸ್ಕ್ರೀನಿಗೆ ತಾಗಬೇಕು. ಅಂದರೆ ಸುಮಾರು 50ರಿಂದ 70 ಸೆಂ.ಮೀ. ದೂರ.

ಪುಸ್ತಕದ ರಾಶಿಯಲ್ಲಿ ಎರಡು ವಾರ ಕೆಲಸ ಮಾಡಿ. ಎಷ್ಟು ಎತ್ತರ ಬೇಕು ಅಂತ ಆಗ ಗೊತ್ತಾಗುತ್ತದೆ. ಆಮೇಲೆ ಅಷ್ಟೇ ಎತ್ತರದ ಸ್ಟ್ಯಾಂಡ್ ತನ್ನಿ. ನಾನು ಮೊದಲೇ ಸ್ಟ್ಯಾಂಡ್ ತಂದಿದ್ದೆ. ಅದು ನನಗೆ 6 ಸೆಂ.ಮೀ. ಗಿಡ್ಡವಾಯಿತು. ಈಗ ಸ್ಟ್ಯಾಂಡಿನ ಕೆಳಗೂ ಪುಸ್ತಕ ಇದೆ.

ಒಂದು ಎಚ್ಚರ. ಎಷ್ಟೋ ಲ್ಯಾಪ್‌ಟಾಪುಗಳಿಗೆ ತಳದಲ್ಲಿ ಗಾಳಿಯ ಕಿಂಡಿ ಇರುತ್ತದೆ. ಪುಸ್ತಕ ಅದನ್ನು ಮುಚ್ಚಬಾರದು. ಎರಡು ಬದಿಗೆ ಎರಡು ರಾಶಿ ಮಾಡಿ, ನಡುವೆ ಜಾಗ ಬಿಡಿ.

ಹಳೆ ಕೀಬೋರ್ಡ್

ಬಲಭುಜದ ನೋವಿಗೆ ನಾನು ಉತ್ತರ ಹೇಳಬಲ್ಲೆ, ಯಾಕಂದ್ರೆ ಅದನ್ನು ಒಂದು ವರ್ಷ ಅನುಭವಿಸಿದ್ದೇನೆ.

ಉದ್ದ ಕೀಬೋರ್ಡಿನ ಬಲತುದಿಯಲ್ಲಿ ಅಂಕಿಗಳ ಗುಂಪು ಇರುತ್ತದಲ್ವಾ? ಅದರಿಂದ ಮೌಸ್ ಒಂದು ಗೇಣು ಆಚೆ ಹೋಗುತ್ತದೆ. ದಿನವಿಡೀ ಬಲಗೈ ಮೈಯಿಂದ ದೂರ ಚಾಚಿಕೊಂಡೇ ಇರುತ್ತದೆ. ಆ ಭಾರ ಹೊರುವುದು ಭುಜ. ನಾನು ಅಂಕಿಗಳಿಲ್ಲದ ಗಿಡ್ಡ ಕೀಬೋರ್ಡಿಗೆ ಬಂದೆ. ಮೌಸ್ ಹತ್ತಿರ ಬಂತು, ಮೊಣಕೈ ಪಕ್ಕೆಗೆ ತಾಗುವಂತಾಯಿತು. ಮೂರನೇ ವಾರಕ್ಕೆ ನೋವು ಇಳಿಯಿತು. ಲೆಕ್ಕಪತ್ರದ ಕೆಲಸ ಮಾಡುವವರಿಗೆ ಅಂಕಿಗಳ ಗುಂಪು ಬೇಕೇ ಬೇಕು. ಅವರು ಅದನ್ನು ಬೇರೆಯಾಗಿ ತಂದು ಎಡಗಡೆ ಇಟ್ಟುಕೊಳ್ಳಬಹುದು.

ಇನ್ನೊಂದು ವಿಷಯಕ್ಕೆ ಖರ್ಚೇ ಇಲ್ಲ. ಕೀಬೋರ್ಡಿನ ಹಿಂಭಾಗದಲ್ಲಿ ಎರಡು ಮಡಚುವ ಕಾಲುಗಳಿರುತ್ತವೆ. ಅದನ್ನು ಎತ್ತಿ ನಿಲ್ಲಿಸಬೇಡಿ. ನಿಲ್ಲಿಸಿದರೆ ಮಣಿಕಟ್ಟು ಮೇಲಕ್ಕೆ ಬಾಗುತ್ತದೆ. ಮಡಚಿಟ್ಟರೆ ಕೈ ನೇರ ಇರುತ್ತದೆ.

ಬೆರಳು ಜೋಮು ಹಿಡಿಯುವುದು, ರಾತ್ರಿ ಕೈ ಮರಗಟ್ಟಿ ಎಚ್ಚರವಾಗುವುದು ಇದ್ದರೆ ಮಾತ್ರ ವಸ್ತು ಹುಡುಕುತ್ತಾ ಕೂರಬೇಡಿ. ವೈದ್ಯರಿಗೆ ತೋರಿಸಿ.

ಮೂಲೆಮೇಜು

ಜೋಮು ಇಲ್ಲ. ಹೌದು, ಲ್ಯಾಪ್‌ಟಾಪಿನ ಕೀಬೋರ್ಡೇ ಬಳಸುತ್ತಿದ್ದೇನೆ. ಮೌಸ್ ಇಡಲು ಜಾಗ ಇಲ್ಲದೆ ಮೇಜಿನ ಅಂಚಿನಲ್ಲಿ ಇಟ್ಟುಕೊಂಡಿದ್ದೆ. ನೀವು ಹೇಳಿದ ಮೇಲೆ ನೋಡಿದರೆ ತೋಳು ಪೂರ್ತಿ ಹೊರಗೆ ಚಾಚಿದೆ! ಇಷ್ಟು ದಿನ ಗಮನಕ್ಕೇ ಬಂದಿರಲಿಲ್ಲ.

ದಪ್ಪ ಕನ್ನಡಕ

ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಅನ್ನುವ ಮಾತು ಎಲ್ಲರಿಗೂ ಹೊಂದುವುದಿಲ್ಲ. ನನ್ನದು ಪ್ರೋಗ್ರೆಸಿವ್ ಲೆನ್ಸ್, ಅಂದರೆ ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು. ಹತ್ತಿರದ್ದನ್ನು ನೋಡುವ ಭಾಗ ಕೆಳಗಿರುತ್ತದೆ. ಸ್ಕ್ರೀನ್ ಎತ್ತರದಲ್ಲಿದ್ದರೆ ಗಲ್ಲ ಮೇಲೆತ್ತಿ ನೋಡಬೇಕಾಗುತ್ತದೆ. ಆಗ ಕುತ್ತಿಗೆ ಹಿಂದಕ್ಕೆ ಬಾಗಿ ಇನ್ನೂ ಜಾಸ್ತಿ ನೋವು. ಎರಡು ಭಾಗದ ಕನ್ನಡಕದವರಿಗೂ ಇದೇ ಪಾಡು. ನಾವು ಸ್ಕ್ರೀನನ್ನು ಇನ್ನಷ್ಟು ಕೆಳಗಿಟ್ಟು, ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ನಾನು ಕೊನೆಗೆ ಕಂಪ್ಯೂಟರಿನ ದೂರಕ್ಕೆಂದೇ ಇನ್ನೊಂದು ಕನ್ನಡಕ ಮಾಡಿಸಿದೆ. ಮನೆಯಿಂದ ಕೆಲಸಕ್ಕೆ ನಾನು ಕೊಂಡದ್ದರಲ್ಲಿ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕಣ್ಣಿನ ವೈದ್ಯರ ಹತ್ತಿರ ಹೋಗುವಾಗ ಸ್ಕ್ರೀನಿಗೂ ಕಣ್ಣಿಗೂ ಎಷ್ಟು ದೂರ ಅಂತ ಟೇಪಿನಲ್ಲಿ ಅಳೆದುಕೊಂಡು ಹೋಗಿ.

ಕಣ್ಣುರಿ ವಿಷಯ. ಸ್ಕ್ರೀನ್ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. ಕಣ್ಣಿನ ಮೇಲಿನ ನೀರಿನ ಪದರ ಒಣಗುತ್ತದೆ. 20-20-20 ಅಂತ ಕೇಳಿರಬಹುದು. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡು ನೋಡುವುದು. 20 ಅಡಿ ಅಂದರೆ ಸುಮಾರು 6 ಮೀಟರ್. ಕೋಣೆಯೊಳಗೆ ಅಷ್ಟು ದೂರ ಸಿಗುವುದಿಲ್ಲ. ಅದಕ್ಕೇ ಕಿಟಕಿಯಿಂದ ಹೊರಗೆ ಒಂದು ಮರವನ್ನೋ ಎದುರಿನ ಗೋಡೆಯನ್ನೋ ಗುರುತು ಮಾಡಿಕೊಳ್ಳಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಹೊಡೆಯುತ್ತಿದ್ದರೆ ಅದನ್ನೂ ತಿರುಗಿಸಿ.

ಕಿಟಕಿ ಪಕ್ಕ

ಬೆಳಕಿನ ಬಗ್ಗೆ ಒಂದು ಮಾತು. ಕಿಟಕಿ ಬೆನ್ನ ಹಿಂದೆ ಇದ್ದರೆ ಸ್ಕ್ರೀನಿನಲ್ಲಿ ಪ್ರತಿಬಿಂಬ, ವಿಡಿಯೊದಲ್ಲಿ ನೀವು ಬರೀ ಕಪ್ಪು ಆಕಾರ. ಎದುರಿಗಿದ್ದರೆ ಮುಖ ಚೆನ್ನಾಗಿ ಕಾಣುತ್ತದೆ, ಆದರೆ ಹಗಲಿಡೀ ಕಣ್ಣಿಗೆ ಕುಕ್ಕುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಹಾಗೆ ಮೇಜು ತಿರುಗಿಸಿ. ತೆಳು ಪರದೆ ಹಾಕಿ. ರಾತ್ರಿಗೆ ಕತ್ತು ಬಾಗುವ ಒಂದು ಟೇಬಲ್ ಲ್ಯಾಂಪ್ ಸಾಕು. ಅದನ್ನು ನಿಮ್ಮ ಕಡೆಗಲ್ಲ, ಎದುರಿನ ಬಿಳಿ ಗೋಡೆಗೆ ತಿರುಗಿಸಿ. ಗೋಡೆಗೆ ಬಡಿದು ಬಂದ ಬೆಳಕು ಮೆದುವಾಗಿರುತ್ತದೆ. ವಿಡಿಯೊಗೆ ಅಂತ ನಾನು ಉಂಗುರದ ದೀಪ ತಂದಿದ್ದೆ. ಕನ್ನಡಕದ ಗಾಜಿನಲ್ಲಿ ಎರಡು ಬಿಳಿ ಉಂಗುರ ಕಾಣುತ್ತಿತ್ತು. ಅದನ್ನು ಎತ್ತಿಟ್ಟು ಒಂದು ವರ್ಷವಾಯಿತು.

ಬಲ್ಬ್ ಕೊಳ್ಳುವಾಗ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ನೋಡಿ. 2700 ಅಂದರೆ ಹಳದಿ, 6500 ಅಂದರೆ ನೀಲಿ ಬೆರೆತ ಬಿಳಿ. ಕೆಲಸಕ್ಕೆ 4000 ಆಸುಪಾಸು ನನಗೆ ಹಿತವಾಗಿದೆ.

ತಂತಿಗಂಟು

ಮೌಸ್ ತಡವರಿಸುವುದಕ್ಕೆ ನನ್ನ ಊಹೆ ಹೇಳುತ್ತೇನೆ. ಮೌಸಿನ ಸಿಗ್ನಲ್ ಹಿಡಿಯಲು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಇದೆಯಲ್ಲ, ಅದರ ಪಕ್ಕದಲ್ಲೇ ಯುಎಸ್‌ಬಿ 3 ಹಬ್ (ಒಂದು ಪೋರ್ಟನ್ನು ಹಲವು ಮಾಡುವ ಡಬ್ಬಿ) ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದೀರಾ?

ಯುಎಸ್‌ಬಿ 3 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೊ ಗದ್ದಲ ಹೊರಸೂಸುತ್ತದೆ. ಡಾಂಗಲ್ ಮಾತಾಡುವುದೂ ಅದೇ 2.4ರಲ್ಲಿ. ಗದ್ದಲದಲ್ಲಿ ಮೌಸಿನ ದನಿ ಅದಕ್ಕೆ ಕೇಳಿಸುವುದಿಲ್ಲ. ಇಂಟೆಲ್ 2012ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿತ್ತು. ಪರಿಹಾರ ಬಹಳ ಸುಲಭ. ಡಾಂಗಲನ್ನು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ. ಅಥವಾ ಒಂದು ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ಕೇಬಲ್ ತಂದು ಡಾಂಗಲನ್ನು ಮೌಸಿನ ಹತ್ತಿರಕ್ಕೆ ತನ್ನಿ. ಎಷ್ಟೋ ಜನ ಮೌಸ್ ಕೆಟ್ಟಿತು ಅಂತ ಬಿಸಾಡಿ ಹೊಸದು ತಂದಿದ್ದನ್ನು ನೋಡಿ ಹೊಟ್ಟೆ ಉರಿದಿದೆ.

ಇಂಟರ್‌ನೆಟ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕಂದ್ರೆ ಇದರಷ್ಟು ಕೆಲಸ ಕೆಡಿಸುವುದು ಇನ್ನೊಂದಿಲ್ಲ. ರೂಟರ್ ಮತ್ತು ಮೇಜು ಒಂದೇ ಮನೆಯಲ್ಲಿದ್ದರೆ ತಂತಿ ಎಳೆಯಿರಿ. ಕ್ಯಾಟ್ 5ಇ ಅನ್ನುವ ಸಾದಾ ನೆಟ್‌ವರ್ಕ್ ಕೇಬಲ್ ಸಾಕು. 100 ಮೀಟರ್‌ವರೆಗೂ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ಮನೆಯಲ್ಲಿ ಅಷ್ಟು ಉದ್ದ ಯಾರಿಗೆ ಬೇಕು? ತಂತಿ ಆಗುವುದೇ ಇಲ್ಲ ಅಂದರೆ ರೂಟರನ್ನು ಕಪಾಟಿನಿಂದ ಹೊರಗೆ ತೆಗೆದು ಎತ್ತರದಲ್ಲಿಡಿ. ಕಬ್ಬಿಣದ ಬೀರು, ಮೀನಿನ ತೊಟ್ಟಿ ಎರಡೂ ಸಿಗ್ನಲಿಗೆ ಅಡ್ಡ. ಹತ್ತಿರ ಕೂತರೆ ವೈಫೈನಲ್ಲಿ 5 ಗಿಗಾಹರ್ಟ್ಸ್ ಆರಿಸಿ. ಗೋಡೆ ದಾಟಬೇಕಾದರೆ 2.4 ಹೆಚ್ಚು ದೂರ ಬರುತ್ತದೆ. ಆದರೆ ಮೈಕ್ರೋವೇವ್ ಒಲೆ ಓಡುವುದೂ ಅದೇ 2.4ರ ಹತ್ತಿರ. ಒಲೆ ಹಚ್ಚಿದಾಗೆಲ್ಲಾ ಮೀಟಿಂಗ್ ನಿಂತುಬಿಡುತ್ತಿದ್ದರೆ ಕಾರಣ ಅದೇ.

ರಾತ್ರಿ ಪಾಳಿ

ಬಾವಿಯೊಳಗಿನ ದನಿಗೆ ಕಾರಣ ಎರಡು. ಮೈಕು ಬಾಯಿಂದ ದೂರ ಇದೆ. ಕೋಣೆ ಖಾಲಿ ಇದೆ.

ಲ್ಯಾಪ್‌ಟಾಪಿನ ಮೈಕು ಅರ್ಧ ಮೀಟರ್ ಆಚೆ ಇರುತ್ತದೆ. ಅದಕ್ಕೆ ನಿಮ್ಮ ದನಿಯ ಜೊತೆ ಗೋಡೆಗೆ ಬಡಿದು ಬಂದ ದನಿಯೂ ಕೇಳುತ್ತದೆ. ತಂತಿ ಇರುವ ಸಾದಾ ಹೆಡ್‌ಸೆಟ್ ತನ್ನಿ, ಬಾಯಿಯ ಪಕ್ಕಕ್ಕೆ ಮೈಕಿನ ಕಡ್ಡಿ ಬರುವಂಥದ್ದು. ಕಡ್ಡಿ ನೇರ ಬಾಯೆದುರು ಬೇಡ. ಕೆನ್ನೆಯ ಕಡೆ ಸ್ವಲ್ಪ ಸರಿಸಿ, ಉಸಿರಿನ ಸದ್ದು ಬರುವುದಿಲ್ಲ.

ಬ್ಲೂಟೂತ್ ಹೆಡ್‌ಫೋನ್ ಇದ್ದವರಿಗೆ ಒಂದು ಗುಟ್ಟು. ಹಾಡು ಕೇಳುವಾಗ ಚೆನ್ನಾಗಿದ್ದದ್ದು ಮೀಟಿಂಗಿಗೆ ಸೇರಿದ ಕೂಡಲೇ ಹಳೆ ಫೋನಿನ ಹಾಗೆ ಕೇಳಿಸುತ್ತದೆ. ಅದು ಕೆಟ್ಟಿರುವುದಿಲ್ಲ. ಮೈಕು ಆನ್ ಆದಾಗ ಬ್ಲೂಟೂತ್ ಬೇರೆ ವಿಧಾನಕ್ಕೆ ಬದಲಾಗುತ್ತದೆ. ಎರಡೂ ಕಡೆಯ ಮಾತು ಸಾಗಿಸಬೇಕಾದ್ದರಿಂದ ಗುಣಮಟ್ಟ ಇಳಿಯುತ್ತದೆ. ಸೆಟ್ಟಿಂಗ್ಸಿನಲ್ಲಿ ಮೈಕನ್ನು ಲ್ಯಾಪ್‌ಟಾಪಿನದ್ದಕ್ಕೆ ಬದಲಾಯಿಸಿದರೆ ಕಿವಿಗೆ ಮತ್ತೆ ಚೆನ್ನಾಗಿ ಕೇಳುತ್ತದೆ.

ಇನ್ನು ನಾಯ್ಸ್ ಕ್ಯಾನ್ಸಲಿಂಗ್, ಅಂದರೆ ಹೊರಗಿನ ಸದ್ದನ್ನು ಅಳಿಸುವ ಹೆಡ್‌ಫೋನ್. ಫ್ಯಾನು, ಎಸಿ, ರಸ್ತೆಯ ಗುಂಯ್ ಅನ್ನುವ ಸದ್ದಿಗೆ ಅದು ಬಹಳ ಒಳ್ಳೆಯದು. ಪಕ್ಕದ ಕೋಣೆಯ ಮಾತು, ಮಗುವಿನ ಅಳು ಪೂರ್ತಿ ಹೋಗುವುದಿಲ್ಲ. ಒಂದೇ ಸಮನೆ ಬರುವ ದಪ್ಪ ಸದ್ದನ್ನು ಅಳಿಸುವುದು ಅದಕ್ಕೆ ಸುಲಭ, ಏರಿಳಿಯುವ ಸದ್ದು ಕಷ್ಟ. ಇನ್ನೊಂದು, ಅದು ನಿಮ್ಮ ಕಿವಿಗೆ ಮಾತ್ರ. ನಿಮ್ಮ ಮನೆಯ ಗಲಾಟೆ ಆಚೆಯವರಿಗೆ ಕೇಳದಂತೆ ಮಾಡುವುದು ಮೈಕಿನ ಕೆಲಸ. ಇವೆರಡನ್ನೂ ಒಂದೇ ಅಂದುಕೊಂಡು ನಾನು ದೊಡ್ಡ ಖರ್ಚು ಮಾಡಿ ಬೇಸರಪಟ್ಟಿದ್ದೇನೆ.

ಪ್ರತಿಧ್ವನಿಗೆ ಗೋಡೆಗೆ ಅಂಟಿಸುವ ಫೋಮ್ ತರಬೇಡಿ. ದಪ್ಪ ಪರದೆ, ನೆಲಕ್ಕೆ ಜಮಖಾನೆ, ಬೆನ್ನ ಹಿಂದೆ ಪುಸ್ತಕದ ಕಪಾಟು. ಮಲಗುವ ಕೋಣೆಯಾದ್ದರಿಂದ ನಿಮ್ಮಲ್ಲಿ ಹಾಸಿಗೆ ಇದ್ದೇ ಇದೆ, ಅದೂ ಸದ್ದು ಕುಡಿಯುತ್ತದೆ. ನಿಮಗೆ ಹೆಡ್‌ಸೆಟ್ ಒಂದೇ ಸಾಕಾಗಬಹುದು.

ನಿಂತೇ ಕೆಲಸ

ಎಲ್ಲರೂ ಸೇರಿ ಎತ್ತರದ ಮೇಜನ್ನು ತಳ್ಳಿಹಾಕಿದಿರಲ್ಲ, ನಾನು ಅದರ ಪರ ಮಾತಾಡುತ್ತೇನೆ. ನನಗೆ ಸೊಂಟದ ತೊಂದರೆ ಇದೆ. ಒಂದೇ ಕಡೆ ಒಂದು ಗಂಟೆ ಕೂರಲು ಆಗುವುದಿಲ್ಲ. ಆ ಮೇಜು ಬಂದ ಮೇಲೆಯೇ ನಾನು ಪೂರ್ತಿ ದಿನ ಕೆಲಸ ಮಾಡುತ್ತಿದ್ದೇನೆ. ಆದರೆ ಮೊದಲ ತಿಂಗಳು ಒಂದು ತಪ್ಪು ಮಾಡಿದೆ. ಇಡೀ ದಿನ ನಿಂತೆ. ಹಿಮ್ಮಡಿ ನೋವು ಶುರುವಾಯಿತು. ನಿಲ್ಲುವುದು ಕೂರುವುದಕ್ಕೆ ಮದ್ದಲ್ಲ, ಬದಲಾಯಿಸುತ್ತಿರುವುದೇ ಮದ್ದು. ಈಗ ಅರ್ಧ ಗಂಟೆಗೊಮ್ಮೆ ಬದಲಾಯಿಸುತ್ತೇನೆ. ಕಾಲಡಿಗೆ ದಪ್ಪ ರಬ್ಬರ್ ಚಾಪೆ ಹಾಕಿದ್ದೇನೆ.

ಎರಡು ಮಾನಿಟರ್

ಒಪ್ಪುತ್ತೇನೆ. ನಿಮಗೆ ಅದು ಬೇಕಾದದ್ದೇ. ಚರ್ಚೆ ಶುರು ಮಾಡಿದವರ ತೊಂದರೆ ಕುತ್ತಿಗೆಯದ್ದು. ಅದಕ್ಕೇ ಮೊದಲು ಕೀಬೋರ್ಡ್ ಅಂದೆ. ನಿಂತು ನೋಡಬೇಕು ಅನಿಸಿದರೆ ಎದೆಮಟ್ಟದ ಕಪಾಟೋ ಕಿಟಕಿಯ ಕಟ್ಟೆಯೋ ಇರುತ್ತದಲ್ಲ. ಫೋನ್ ಮಾತನ್ನೆಲ್ಲಾ ಅಲ್ಲಿ ನಿಂತು ಮುಗಿಸಿ. ಒಂದು ತಿಂಗಳು ಆ ಅಭ್ಯಾಸ ಉಳಿದರೆ ಮೇಜು ತನ್ನಿ.

ಮೆತ್ತೆ

ನಾನು ಗ್ಯಾಜೆಟ್ ಹೇಳುವುದಿಲ್ಲ. ಮನೆಯಲ್ಲೇ ಇರುವ ವಸ್ತು ಹೇಳುತ್ತೇನೆ.

ಸ್ನಾನದ ಟವೆಲನ್ನು ಸುರುಳಿ ಸುತ್ತಿ, ಎರಡು ತುದಿಗೆ ರಬ್ಬರ್ ಬ್ಯಾಂಡ್ ಹಾಕಿ. ಸೊಂಟದ ಬಾಗಿನ ಹತ್ತಿರ ಕುರ್ಚಿಗೆ ಒರಗಿಸಿ. ಇದು ನನಗೆ ಹೊಸ ಕುರ್ಚಿಯ ಖರ್ಚು ಉಳಿಸಿತು. ಕಾಲು ನೆಲಕ್ಕೆ ತಾಗದಿದ್ದರೆ ಗಟ್ಟಿ ಪೆಟ್ಟಿಗೆ. ಕೇಬಲ್ ಜಾರಿ ಬೀಳದಂತೆ ಕಾಗದ ಹಿಡಿಯುವ ಕಪ್ಪು ಕ್ಲಿಪ್ಪನ್ನು ಮೇಜಿನ ಅಂಚಿಗೆ ಕಚ್ಚಿಸಿ, ಅದರ ತಂತಿ ಕಿವಿಯೊಳಗೆ ಕೇಬಲ್ ಹಾಯಿಸಿ. ನೀರಿಗೆ ಮುಚ್ಚಳ ಇರುವ ಬಾಟಲಿ. ಅದೂ ಮೇಜಿನ ಮೇಲಲ್ಲ, ಪಕ್ಕದ ಸ್ಟೂಲಿನ ಮೇಲೆ. ಒಂದು ಲೋಟ ನೀರು ಚೆಲ್ಲಿ ನನ್ನ ಲ್ಯಾಪ್‌ಟಾಪ್ ಹೋಯಿತು. ಆವತ್ತಿನ ಸಂಕಟ ಯಾರಿಗೂ ಬೇಡ.

ಕೀ ತಿರುಗಿಸುವ ಅಡುಗೆಮನೆ ಟೈಮರ್ ಇದ್ದರೆ ಮೇಜಿಗೆ ತನ್ನಿ. 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನುವ ಪೊಮೊಡೊರೊ ಕ್ರಮ ಹುಟ್ಟಿದ್ದೇ ಇಂಥ ಟೊಮೇಟೊ ಆಕಾರದ ಟೈಮರಿನಿಂದ. 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಸಿರಿಲ್ಲೊ ಓದುವಾಗ ಮಾಡಿಕೊಂಡ ಉಪಾಯ ಅದು. ಫೋನಿನಲ್ಲಿ ಅಲಾರಂ ಇಡಬಹುದು. ಆದರೆ ಫೋನ್ ಕೈಗೆತ್ತಿಕೊಂಡರೆ ಹತ್ತು ನಿಮಿಷ ಹೋಯಿತು ಅಂತಲೇ ಲೆಕ್ಕ.

ಬಾಗಿಲ ಹಿಡಿಗೆ ಒಂದು ಕೆಂಪು ಬಟ್ಟೆ. ಕಟ್ಟಿದ್ದರೆ ಮೀಟಿಂಗ್ ನಡೆಯುತ್ತಿದೆ, ಒಳಗೆ ಬರಬಾರದು. ಬಿಚ್ಚಿದ್ದರೆ ಬರಬಹುದು. ಓದಲು ಬಾರದ ಮಕ್ಕಳಿಗೂ ಇದು ಅರ್ಥವಾಗುತ್ತದೆ. ಆದರೆ ಮೀಟಿಂಗ್ ಮುಗಿದ ಕೂಡಲೇ ನೆನಪಿಟ್ಟು ಬಿಚ್ಚಬೇಕು. ಸದಾ ಕಟ್ಟಿಟ್ಟರೆ ಯಾರೂ ಲೆಕ್ಕಕ್ಕಿಡುವುದಿಲ್ಲ.

ರಾತ್ರಿ ಪಾಳಿ

ಒಂದು ಬಿಟ್ಟೆ. ಕರೆಂಟ್ ಹೋಗುವ ಕಡೆ ಇರುವವರು ರೂಟರಿಗೆ ಪುಟ್ಟ ಯುಪಿಎಸ್ ತಗೊಳ್ಳಿ. ಲ್ಯಾಪ್‌ಟಾಪಿಗೆ ಅದರದ್ದೇ ಬ್ಯಾಟರಿ ಇದೆ. ನಿಲ್ಲುವುದು ಇಂಟರ್‌ನೆಟ್. ನಾನು ಡಬ್ಬಿಯ ಮೇಲಿನ 10,000 ಎಂಎಎಚ್ ನೋಡಿ ಇಡೀ ರಾತ್ರಿ ಬರುತ್ತದೆ ಅಂದುಕೊಂಡೆ. ಮೂರು ಗಂಟೆ ಓಡಿ ನಿಂತಿತು. ಯಾಕೆ ಅಂತ ಗೊತ್ತಾಗಲಿಲ್ಲ.

ತಂತಿಗಂಟು

ಆ ಅಂಕಿ ಒಳಗಿನ ಸೆಲ್ಲಿನದ್ದು. ಸೆಲ್ 3.7 ವೋಲ್ಟಿನದ್ದು, ರೂಟರ್ 12 ವೋಲ್ಟಿನದ್ದು. ವ್ಯಾಟ್‌ಅವರ್‌ನಲ್ಲಿ ಲೆಕ್ಕ ಹಾಕಿ. 10,000 ಎಂಎಎಚ್ ಅಂದರೆ 10 ಆಂಪಿಯರ್‌ಅವರ್. ಅದನ್ನು 3.7ರಿಂದ ಗುಣಿಸಿದರೆ 37 ವ್ಯಾಟ್‌ಅವರ್. ವೋಲ್ಟೇಜ್ ಏರಿಸುವಾಗ ಒಂದಿಷ್ಟು ಹೋಗುತ್ತದೆ, 30 ಉಳಿಯಿತು ಅನ್ನಿ. ರೂಟರ್ 8 ವ್ಯಾಟ್ ತಿಂದರೆ ಮೂರು ಮುಕ್ಕಾಲು ಗಂಟೆ. ನಿಮ್ಮ ಯುಪಿಎಸ್ ಸರಿಯಾಗೇ ಕೆಲಸ ಮಾಡಿದೆ.

ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ 12 ವೋಲ್ಟೋ 9 ವೋಲ್ಟೋ ನೋಡಿ. ಫೈಬರ್ ಸಂಪರ್ಕವಾದರೆ ಕೆಲವು ಮನೆಯಲ್ಲಿ ಎರಡು ಡಬ್ಬಿ ಇರುತ್ತವೆ. ಎರಡಕ್ಕೂ ಕರೆಂಟ್ ಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ವೈಫೈ ಚಿಹ್ನೆ ಕಾಣುತ್ತದೆ, ಇಂಟರ್‌ನೆಟ್ ಇರುವುದಿಲ್ಲ.

ಹಾಗೇ ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ. ಎರಡನೆಯದರ ಭಾರವೆಲ್ಲಾ ಮೊದಲನೆಯದರ ತಂತಿಯ ಮೇಲೇ ಬೀಳುತ್ತದೆ. ಹೀಟರ್ ಅಂತೂ ಬೋರ್ಡಿಗೆ ಬೇಡವೇ ಬೇಡ. ನೇರ ಗೋಡೆಯ ಪ್ಲಗ್ಗಿಗೆ ಹಾಕಿ.

ಮೂಲೆಮೇಜು

ಮೂರೂವರೆ ವಾರದ ನಂತರ ಬರೆಯುತ್ತಿದ್ದೇನೆ. ಏನೇನಾಯಿತು ಹೇಳಬೇಕಲ್ವಾ.

ಅಂಕಿಗಳಿಲ್ಲದ ಕೀಬೋರ್ಡ್, ತಂತಿಯ ಹೆಡ್‌ಸೆಟ್, ಗೇಣುದ್ದದ ಯುಎಸ್‌ಬಿ ಕೇಬಲ್. ಇವು ಮೂರು ಕೊಂಡೆ. ಉಳಿದದ್ದೆಲ್ಲಾ ಮನೆಯದ್ದೇ. ಹಬ್ ಪಕ್ಕದಲ್ಲೇ ಡಾಂಗಲ್ ಇತ್ತು, ತಂತಿಗಂಟು ಅವರ ಊಹೆ ಸರಿ. ಕೇಬಲ್ ಹಾಕಿದ ನಿಮಿಷದಿಂದ ಮೌಸ್ ಒಮ್ಮೆಯೂ ನಿಂತಿಲ್ಲ. ದನಿ ಈಗ ಸ್ಪಷ್ಟ ಅಂತ ಸಹೋದ್ಯೋಗಿಗಳೇ ಹೇಳಿದರು. ಕುತ್ತಿಗೆ ನೋವು ಬಹುತೇಕ ಹೋಗಿದೆ. ಕಣ್ಣುರಿ ಅರ್ಧ ಇಳಿದಿದೆ, ಫ್ಯಾನ್ ನೇರ ಮುಖಕ್ಕೇ ಬೀಸುತ್ತಿತ್ತು.

ಭುಜ ಮಾತ್ರ ಇನ್ನೂ ಸ್ವಲ್ಪ ಬಿಗಿ. ನಿನ್ನೆ ಟೇಪ್ ಹಿಡಿದು ಅಳೆದೆ. ನೆಲದಿಂದ ಮೇಜು 76 ಸೆಂ.ಮೀ. ಪಾದ ಊರಿ ಕೂತಾಗ ನನ್ನ ಮೊಣಕೈ 67 ಸೆಂ.ಮೀ. ಅಂದರೆ ದಿನವಿಡೀ ಭುಜ ಮೇಲೆತ್ತಿಕೊಂಡೇ ಟೈಪ್ ಮಾಡುತ್ತಿದ್ದೇನೆ. ಕುರ್ಚಿ ಏರಿಸಿದರೆ ಕಾಲು ತೂಗುತ್ತದೆ. ಪೆಟ್ಟಿಗೆ ಇಟ್ಟು ನೋಡಿದೆ, ಕಾಲು ಆಡಿಸಲು ಜಾಗ ಸಾಲದು. ಮೇಜು ಹಳೆ ಮರದ್ದು, ನಾಲ್ಕೂ ಕಾಲು ನೇರವಾಗಿವೆ. ಬಡಗಿಯನ್ನು ಕರೆಸಿ ಕಾಲು ಕೊಯ್ಯಿಸಿದರೆ ಹೇಗೆ?

ಹಳೆ ಕೀಬೋರ್ಡ್

ಕೊಯ್ಯಿಸಿ. ಅಂಗಡಿಯಲ್ಲಿ ಸಿಗುವ ಮೇಜುಗಳು ಹೆಚ್ಚಾಗಿ 73ರಿಂದ 75 ಸೆಂ.ಮೀ. ಇರುತ್ತವೆ. ಕುಳ್ಳಗಿರುವ ನಮ್ಮಂಥವರಿಗೆ ಅದು ಎತ್ತರವೇ. ಆದರೆ 9 ಸೆಂ.ಮೀ. ಒಂದೇ ಸಲ ಬೇಡ. ಮೇಜಿನ ಅಡಿಯಲ್ಲಿ ಡ್ರಾಯರ್ ಇದ್ದರೆ ತೊಡೆಗೆ ತಾಗುತ್ತದೆ. ಮೊದಲು ಕೂತು, ತೊಡೆಗೂ ಮೇಜಿನ ಅಡಿಗೂ ಎಷ್ಟು ಜಾಗ ಇದೆ ನೋಡಿ. ಮನೆಯೊಳಗೆ ಚಪ್ಪಲಿ ಹಾಕುವವರಾದರೆ ಹಾಕಿಕೊಂಡೇ ಅಳೆಯಿರಿ. ಮೊದಲು 5 ಸೆಂ.ಮೀ. ಕೊಯ್ಯಿಸಿ, ಒಂದು ವಾರ ಕೆಲಸ ಮಾಡಿ, ಆಮೇಲೆ ಉಳಿದದ್ದು ನೋಡೋಣ.

ಮೂಲೆಮೇಜು

ಡ್ರಾಯರ್ ಇಲ್ಲ. ತೊಡೆಯ ಮೇಲೆ 17 ಸೆಂ.ಮೀ. ಜಾಗ ಇದೆ, ಈಗ ತಾನೇ ಅಳೆದೆ. ಹಾಗಾದರೆ ಮೊದಲು 5. ಭಾನುವಾರ ಬಡಗಿ ಬರುತ್ತೇನೆ ಅಂದಿದ್ದಾರೆ. ಕೊಯ್ದ ಮೇಲೆ ಫೋಟೊ ಹಾಕುತ್ತೇನೆ.